ಬೀದಿಬದಿ ಕಾರುಬಣ್ಣ ಮೀಮಾಂಸೆ

ಯಾವ ಶಾಸ್ತ್ರಕ್ಕೇ ಕೈಹಾಕಲಿ, ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಇಲ್ಲಿ ವಿಷಯ, ಸೂರಿಲ್ಲದ ಕಡೆ ನಿಲ್ಲುವ ಕಾರಿನ ಬಣ್ಣ. ಪ್ರಯೋಜನ, ಮಾರುವ ದಿನ ಗಿರಾಕಿ ಮುಖ ಸಿಂಡರಿಸದಿರುವುದು. ಅಧಿಕಾರಿ ಯಾರೆಂದರೆ, ಬೆಂಗಳೂರಿನಲ್ಲಿ ಮೂವತ್ತು–ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸಿ, ಕಾರು ನಿಲ್ಲಬೇಕಾದ ಜಾಗದಲ್ಲಿ ಬಾಡಿಗೆಗೆಂದು ಒಂದು ಕೋಣೆ ಎಬ್ಬಿಸಿ, ಕಾರನ್ನು ಬೀದಿಗೆ ಬಿಟ್ಟ ಗೃಹಸ್ಥ. ಸಂಬಂಧವು ಬ್ಯಾಂಕಿನ ಕಂತು ತೀರುವವರೆಗಿನದು. ಬೇಸ್‌ಮೆಂಟ್ ಪಾರ್ಕಿಂಗ್ ಉಳ್ಳವರಿಗೆ ಇದನ್ನು ಓದುವ ಅಧಿಕಾರವಿಲ್ಲ. ಅವರ ಗತಿಯನ್ನು ಮುಂದೆ ಎರಡು ಮಾತಿನಲ್ಲಿ ಹೇಳಿ ಮುಗಿಸಲಾಗುವುದು.

ಇಷ್ಟು ಹೇಳುವಷ್ಟರಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. ಆತ ಸಾಮಾನ್ಯವಾಗಿ ಮಾವನ ವರಸೆಯವನು. ‘ಕಾರಿರೋದು ಓಡಿಸೋಕೆ ಕಣಪ್ಪ, ಆರತಿ ಎತ್ತೋಕಲ್ಲ. ನಮ್ಮ ಅಂಬಾಸಿಡರು ಇಪ್ಪತ್ತು ವರ್ಷ ಹುಣಸೇಮರದ ಕೆಳಗೇ ನಿಂತಿತ್ತು, ಏನಾಯ್ತು ಅದಕ್ಕೆ?’ ಏನಾಯ್ತೆಂದರೆ, ಆ ಕಾರಿನ ಬಣ್ಣ ಯಾವುದಿತ್ತೆಂಬ ಬಗ್ಗೆ ಅವರ ಮನೆಯಲ್ಲೇ ಒಮ್ಮತವಿಲ್ಲ. ಮಾವ ಬೂದು ಎನ್ನುತ್ತಾರೆ, ಅತ್ತೆ ಕೆನೆ ಎನ್ನುತ್ತಾರೆ, ಆರ್.ಸಿ. ಪುಸ್ತಕದಲ್ಲಿ ನೀಲಿ ಎಂದಿದೆ. ಆದ್ದರಿಂದ ಶಾಸ್ತ್ರ ಬೇಕು.

ಕೋಶ ನಿರೂಪಣೆ

ಉಪನಿಷತ್ತು ಆತ್ಮಕ್ಕೆ ಐದು ಕೋಶ ಹೇಳಿತು. ಕಾರ್ಖಾನೆಯವರು ತಗಡಿಗೂ ಐದನ್ನೇ ಕೊಟ್ಟಿದ್ದಾರೆ. ಒಳಗಿನಿಂದ ಹೊರಕ್ಕೆ ಎಣಿಸಿದರೆ, ಲೇಪಗಳಿಗೆ ಹಿಡಿತ ಕೊಡುವ ಫಾಸ್ಫೇಟ್ ಮೊದಲನೆಯದು. ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸಿ ಹಿಡಿಸಿದ ತುಕ್ಕುನಿರೋಧಕ ಲೇಪ ಎರಡನೆಯದು. ಮೂರನೆಯದು ಪ್ರೈಮರ್. ಈಚೆಗೆ ಕೆಲವು ಕಾರ್ಖಾನೆಗಳು ಇದನ್ನು ಕೈಬಿಟ್ಟಿವೆ. ಅದು ನಾಸ್ತಿಕ ಮತ. ನಾಲ್ಕನೆಯದು ನಮ್ಮ ಕಣ್ಣಿಗೆ ಬಣ್ಣವಾಗಿ ಕಾಣುವ ಬೇಸ್ ಕೋಟ್. ಐದನೆಯದು, ಸ್ವತಃ ಬಣ್ಣವೇ ಇಲ್ಲದ ಕ್ಲಿಯರ್ ಕೋಟ್. ಇಷ್ಟರ ಒಳಗಿರುವ ಆತ್ಮವಸ್ತು ತಗಡು. ಅದಕ್ಕಿರುವ ಭವಭಯ ತುಕ್ಕು.

ಐದೂ ಕೋಶ ಸೇರಿದರೆ ದಪ್ಪ ಸುಮಾರು ೧೦೦ರಿಂದ ೧೫೦ ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಬರುವ ಒಂದು ಪಾಲೇ ಮೈಕ್ರಾನ್. ಬಿಸಿಲಿಗೂ ಗೀರಿಗೂ ಮೊದಲು ಎದೆಗೊಡುವ ಕ್ಲಿಯರ್ ಕೋಟು ಇದರಲ್ಲಿ ೪೦–೫೦ ಮೈಕ್ರಾನ್ ಮಾತ್ರ. ತಲೆಗೂದಲು ಇದಕ್ಕಿಂತ ದಪ್ಪ. ಮೆಷಿನ್ನಿಟ್ಟು ಪಾಲಿಶ್ ಹೊಡೆಸಿದಾಗಲೆಲ್ಲ ಇದರಲ್ಲೇ ಒಂದೆರಡು ಮೈಕ್ರಾನ್ ಸವೆಯುತ್ತದೆ. ಅಂದರೆ ಹೊಳಪು ‘ಬರಿಸುವುದು’ ಎಂಬುದಿಲ್ಲ, ಇರುವ ಗಂಟಿನಿಂದ ತೆಗೆದು ತೋರಿಸುವುದಷ್ಟೆ.

ಈ ಗಂಟನ್ನು ಕರಗಿಸುವ ತಾಪಗಳು ಮೂರು: ಆಧಿದೈವಿಕ, ಆಧಿಭೌತಿಕ, ಆಧ್ಯಾತ್ಮಿಕ.

ಆಧಿದೈವಿಕ ತಾಪ

ಇದರಲ್ಲಿ ಮೊದಲಿಗ ಸೂರ್ಯ. ಆತನ ನೇರಳಾತೀತ ಕಿರಣ ಕ್ಲಿಯರ್ ಕೋಟಿನ ಅಣುಬಂಧಗಳನ್ನು ವರ್ಷಗಟ್ಟಲೆ ಕಡಿಯುತ್ತಾ ಬರುತ್ತದೆ. ಮೊದಲು ಮಂಕು, ಆಮೇಲೆ ಬಿಳಿಚು, ಕೊನೆಗೆ ಸಿಪ್ಪೆ. ಚಾವಣಿ ಮತ್ತು ಬಾನೆಟ್ ಮಲಗಿದ ಅಂಗಗಳಾದ್ದರಿಂದ ಮೊದಲು ಅವೇ ಕೆಡುತ್ತವೆ. ಬಾಗಿಲುಗಳು ನಿಂತಿರುವುದರಿಂದ ಬಾಳುತ್ತವೆ. ಬೆಂಗಳೂರು ಸಮುದ್ರಮಟ್ಟದಿಂದ ೯೦೦ ಮೀಟರ್ ಮೇಲಿದೆ, ತಂಪೂರು, ಇಲ್ಲಿ ಬಿಸಿಲೇನು ಮಾಡೀತು ಎನ್ನುವುದು ಭ್ರಮೆ. ಎತ್ತರಕ್ಕೆ ಹೋದಷ್ಟೂ ಸೆಕೆ ಕಡಿಮೆಯಾಗಬಹುದು, ನೇರಳಾತೀತ ಹೆಚ್ಚುತ್ತದೆ.

ಎರಡನೆಯವನು ವರುಣ. ಸುರಿಯುವ ಮಳೆಗೆ ದೋಷವಿಲ್ಲ. ನಿಂತು ಒಣಗುವ ಹನಿಗೆ ಇದೆ. ಮೂರನೆಯವನು ವಾಯು, ಆತನದು ದೇಶಭೇದದಿಂದ ಎರಡು ರೂಪ. ಮಂಗಳೂರು, ಉಡುಪಿ, ಕಾರವಾರದಲ್ಲಿ ಉಪ್ಪುಗಾಳಿಯಾಗಿ ಬಂದು, ಕಲ್ಲು ಸಿಡಿದು ಬಣ್ಣ ಎದ್ದ ಚುಕ್ಕಿಯಲ್ಲಿ ತುಕ್ಕಿನ ಬೀಜ ನೆಡುತ್ತಾನೆ. ಬಳ್ಳಾರಿ–ಸಂಡೂರಿನ ಕಡೆ ಅದಿರಿನ ಕೆಂಪು ಧೂಳಾಗಿ ಬಂದು ಬಿಳಿ ಕಾರಿಗೆ ಸನ್ಯಾಸ ಕೊಡುತ್ತಾನೆ. ರೈಲು ಹಳಿಯ ಪಕ್ಕ ನಿಲ್ಲಿಸಿದ ಕಾರಿಗೆ ಕಬ್ಬಿಣದ ಕಣಗಳೇ ಕಚ್ಚಿಕೊಂಡು ಕಿತ್ತಳೆ ಚುಕ್ಕಿಗಳಾಗುತ್ತವೆ. ಇವಕ್ಕೆಂದೇ ಬರುವ ದ್ರಾವಣ ಸಿಂಪಡಿಸಿದರೆ, ಕಬ್ಬಿಣ ಸಿಕ್ಕಿದಲ್ಲೆಲ್ಲ ಅದು ನೇರಳೆ ಬಣ್ಣಕ್ಕೆ ತಿರುಗಿ ಬಾಗಿಲಿನಗುಂಟ ಇಳಿಯುತ್ತದೆ. ನೋಡಿದವರು ಕಾರಿಗೆ ಗಾಯವಾಯಿತೆಂದು ಹೌಹಾರುವುದುಂಟು.

ಆಧಿಭೌತಿಕ ತಾಪ

ಪ್ರಾಣಿಗಳಿಂದ ಬರುವ ಈ ತಾಪವನ್ನು ಹುಟ್ಟಿನ ಪ್ರಕಾರ ಅಂಡಜ, ಸ್ವೇದಜ, ಉದ್ಭಿಜ್ಜ, ಜರಾಯುಜ ಎಂದು ನಾಲ್ಕಾಗಿ ವಿಂಗಡಿಸಬೇಕು.

ಅಂಡಜಗಳೆಂದರೆ ಕಾಗೆ, ಪಾರಿವಾಳ ಮೊದಲಾದವು. ಇವುಗಳ ಹಿಕ್ಕೆಯ ಬಿಳಿಭಾಗ ಯೂರಿಕ್ ಆಮ್ಲ. ಮಧ್ಯಾಹ್ನದ ಬಿಸಿಗೆ ಲೇಪ ಹಿಗ್ಗಿ ಮೆತ್ತಗಾಗುತ್ತದೆ, ಅದೇ ಬಿಸಿಗೆ ಹಿಕ್ಕೆ ಗಟ್ಟಿಯಾಗುತ್ತದೆ. ಸಂಜೆ ಲೇಪ ಕುಗ್ಗುವಾಗ ಆ ಗಟ್ಟಿ ಹೊಪ್ಪಳೆಯ ಅಚ್ಚು ಅದರಲ್ಲೇ ಮೂಡುತ್ತದೆ. ಕೆರೆದು ತೆಗೆದರೂ ಮಾಸಲು ಗುರುತು ನಿಲ್ಲುವುದು ಇದರಿಂದ. ಗಸಗಸೆ ಹಣ್ಣಿನ ಮರದಲ್ಲಿ ರಾತ್ರಿಪಾಳಿ ಮಾಡುವ ಬಾವಲಿಯನ್ನೂ ಕೆಲವರು ಈ ವರ್ಗಕ್ಕೆ ಸೇರಿಸುವರು. ಅದು ತಪ್ಪು, ಬಾವಲಿ ಜರಾಯುಜ. ಆದರೆ ಬಾನೆಟ್ಟಿಗೆ ಈ ಭೇದ ತಿಳಿಯದು.

ಸ್ವೇದಜಗಳು ಕ್ರಿಮಿಕೀಟಗಳು. ‘ಈ ದರಿದ್ರ ಮರ ಅಂಟು ಸುರಿಸುತ್ತೆ’ ಎಂದು ಬೈಯುವವರು ತಿಳಿಯಬೇಕಾದ್ದು, ಅಂಟು ಬಹುಪಾಲು ಮರದ್ದಲ್ಲ. ಎಲೆಯ ರಸ ಹೀರುವ ಸಸ್ಯಹೇನು, ಹಿಟ್ಟುತಿಗಣೆಗಳು ಅರಗದ ಸಕ್ಕರೆಯನ್ನು ಹಿಂದಿನಿಂದ ಬಿಡುತ್ತವೆ. ಗಾಜಿನ ಮೇಲೆ ಸಣ್ಣ ಸಣ್ಣ ಹನಿಯಾಗಿ ಕೂತು ವೈಪರಿಗೂ ಜಗ್ಗದ್ದು ಅದೇ. ಹಾಗೇ ಬಿಟ್ಟರೆ ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ.

ಉದ್ಭಿಜ್ಜ ಪ್ರಕರಣದಲ್ಲಿ ಬೆಂಗಳೂರಿಗೆ ವಿಶೇಷ ಅಧ್ಯಾಯವೇ ಬೇಕು. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನ್ ತೋಟಗಾರ ಗುಸ್ಟಾವ್ ಹರ್ಮನ್ ಕ್ರುಂಬಿಗೆಲ್, ಒಂದು ಮರದ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಲೆಕ್ಕ ಹಾಕಿ ರಸ್ತೆಗಳಲ್ಲಿ ಸಾಲುಮರ ನೆಡಿಸಿದನೆಂದು ಪ್ರತೀತಿ. ದಾರಿಹೋಕರಿಗೆ ಇದು ಕಣ್ಣಹಬ್ಬ. ಕಾರಿನವನಿಗೆ ಇದರ ಅರ್ಥ, ವರ್ಷದಲ್ಲಿ ಬಿಡುವೆಂಬುದೇ ಇಲ್ಲ. ಚಳಿ ಮುಗಿಯುವಾಗ ಟಬೇಬುಯ, ಯುಗಾದಿಯ ಆಸುಪಾಸು ಹೊಂಗೆ, ಬೇಸಿಗೆಗೆ ಗುಲ್‌ಮೊಹರ್, ಮುಂಗಾರಿಗೆ ನೇರಳೆ ಹಣ್ಣು. ಒಣಗಿದ ಹೂವು ಗಾಳಿಗೆ ಹಾರಿಹೋಗುವ ಅತಿಥಿ. ಮಳೆಗೆ ನೆಂದು ರಾತ್ರಿಯೆಲ್ಲ ಅಂಟಿಕೊಂಡದ್ದು ಕಲೆ ಬಿಟ್ಟು ಹೋಗುವ ನೆಂಟ. ಏಪ್ರಿಲ್–ಮೇ ಗಾಳಿಮಳೆಗೆ ಮರವೇ ಬಿದ್ದರೆ ಅದು ಬಣ್ಣದ ಶಾಸ್ತ್ರ ಮೀರಿ ವಿಮೆಯ ಶಾಸ್ತ್ರಕ್ಕೆ ಸೇರುತ್ತದೆ. ಬರೀ ಥರ್ಡ್ ಪಾರ್ಟಿ ವಿಮೆ ಮಾಡಿಸಿದವನಿಗೆ ಆ ಶಾಸ್ತ್ರವೂ ಕೈಕೊಡುತ್ತದೆ.

ಹಾಗಾದರೆ ನೆರಳೋ ಬಿಸಿಲೋ? ಇದು ಈ ಶಾಸ್ತ್ರದ ಅತಿ ಹಳೆಯ ವಿವಾದ. ಬಿಸಿಲಿನದು ವರ್ಷಗಳ ಲೆಕ್ಕ, ಹಿಕ್ಕೆಯದು ಗಂಟೆಗಳ ಲೆಕ್ಕ. ಬೆಳಗ್ಗೆ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಿದ್ದದ್ದನ್ನು ಅಂದೇ ತೆಗೆಯುವವನು ಮರದಡಿ ನಿಲ್ಲಿಸಲಿ; ವಾರಕ್ಕೊಮ್ಮೆ ತಿರುಗಿ ನೋಡುವವನು ಬಿಸಿಲಲ್ಲೇ ನಿಲ್ಲಿಸಲಿ. ಮೂರನೆಯದೊಂದು ಉತ್ತಮ ಪಕ್ಷವಿದೆ, ನಾಲ್ಕಂತಸ್ತಿನ ಕಟ್ಟಡದ ಪೂರ್ವದ ಮಗ್ಗುಲು. ಮಧ್ಯಾಹ್ನದ ಮೇಲೆ ನೆರಳು, ಮೇಲೆ ಕೊಂಬೆಯಿಲ್ಲ. ಆ ಕಟ್ಟಡಕ್ಕೆ ಐದನೇ ಅಂತಸ್ತು ಏರುತ್ತಿರಬಾರದು ಅಷ್ಟೆ. ಸಿಮೆಂಟಿನ ಹನಿ ಕ್ಷಾರ. ಒಣಗಿದ ಮೇಲೆ ಉಗುರಿನಲ್ಲಿ ಎಬ್ಬಿಸಿದರೆ ಬಣ್ಣವನ್ನೂ ಜೊತೆಗೆ ಎಬ್ಬಿಸುತ್ತದೆ.

ಜರಾಯುಜಗಳಲ್ಲಿ ಬೆಕ್ಕು ಬಿಸಿ ಬಾನೆಟ್ ಹುಡುಕಿ ಬರುತ್ತದೆ, ಬೀದಿನಾಯಿ ಕವರಿನ ಅಂಚು ಎಳೆದಾಡುತ್ತದೆ, ದೇವಸ್ಥಾನದ ಊರುಗಳಲ್ಲಿ ಕೋತಿ ಚಾವಣಿಯ ಮೇಲೆ ಧುಮುಕುತ್ತದೆ. ಇವೆಲ್ಲ ಕ್ಷಮ್ಯ. ಧೂಳು ಕೂತ ಡಿಕ್ಕಿಯ ಮೇಲೆ ಬೆರಳಿಟ್ಟು ‘ನನ್ನನ್ನು ತೊಳಿ’ ಎಂದು ಬರೆಯುವ ಬಾಲಕನದು ಮಾತ್ರ ಶಾಸನ. ತೊಳೆದರೂ ಅಕ್ಷರ ಹೋಗುವುದಿಲ್ಲ. ಬೆರಳಡಿ ಸಿಕ್ಕ ಮರಳಕಣ ಕೆತ್ತಿದ ಗೀರುಗಳು ಓರೆ ಬಿಸಿಲಿನಲ್ಲಿ ಸ್ಪಷ್ಟವಾಗಿ ಓದಲು ಬರುತ್ತವೆ.

ಆಧ್ಯಾತ್ಮಿಕ ತಾಪ

ತನ್ನಿಂದಲೇ ತನಗೆ ಬರುವುದು ಆಧ್ಯಾತ್ಮಿಕ. ಮೂರರಲ್ಲಿ ಇದೇ ಘೋರ, ಏಕೆಂದರೆ ಇದು ಪ್ರೀತಿಯ ವೇಷದಲ್ಲಿ ಬರುತ್ತದೆ. ಆ ಬಾಲಕ ಒಂದು ಬೆರಳಿನಲ್ಲಿ ಮಾಡಿದ್ದನ್ನು ಯಜಮಾನ ಪ್ರತಿದಿನ ಬೆಳಗ್ಗೆ ಇಡೀ ಕಾರಿನ ಮೇಲೆ ಹತ್ತೂ ಬೆರಳಿನಲ್ಲಿ ಮಾಡುತ್ತಾನೆ. ಕೈಯಲ್ಲಿ ಹಳೇ ಬನಿಯನ್ನು, ಬಾಯಲ್ಲಿ ಸುಪ್ರಭಾತ, ಒಣ ಧೂಳಿನ ಮೇಲೆ ಗುಂಡಗೆ ಉಜ್ಜಾಟ. ಒಂದೇ ಬಕೆಟ್ಟಿನಲ್ಲಿ ಬೀದಿಯ ಅಷ್ಟೂ ಕಾರುಗಳನ್ನು ಒರೆಸುವ ಹುಡುಗನನ್ನು ತಿಂಗಳ ಲೆಕ್ಕಕ್ಕೆ ಇಟ್ಟುಕೊಂಡರೆ, ಮೊದಲ ಕಾರಿನ ಮರಳು ಕೊನೆಯ ಕಾರಿಗೂ ಪ್ರಸಾದವಾಗಿ ಸಿಗುತ್ತದೆ.

ಇದರ ಫಲ ಕಾಣಬೇಕಾದರೆ ರಾತ್ರಿ ಬೀದಿದೀಪದ ಕೆಳಗೆ ಕಪ್ಪು ಕಾರೊಂದನ್ನು ನೋಡಬೇಕು. ದೀಪದ ಬಿಂಬದ ಸುತ್ತ ಜೇಡರಬಲೆಯಂತೆ ಸುತ್ತು ಸುತ್ತು ಎಳೆಗಳು. ನಿಜವಾಗಿ ಗೀರುಗಳು ಅಡ್ಡಾದಿಡ್ಡಿಯಾಗಿ ಎಲ್ಲ ದಿಕ್ಕಿಗೂ ಇವೆ; ಬೆಳಕಿಗೆ ಅಡ್ಡವಾಗಿರುವವು ಮಾತ್ರ ಮಿನುಗುವುದರಿಂದ ವೃತ್ತದಂತೆ ತೋರುತ್ತವೆ. ಇದನ್ನು ವಿವರ್ತವೆನ್ನಬಹುದು. ಗೀರು ಮಾತ್ರ ಮಾಯೆಯಲ್ಲ.

ಈ ತಾಪದ ಉಪಭೇದಗಳು ಅನೇಕ. ಪಾತ್ರೆ ಸೋಪಿನಲ್ಲಿ ತೊಳೆದು, ಹಾಕಿಸಿದ ಮೇಣವನ್ನೂ ಜಿಡ್ಡೆಂದು ಕಳೆಯುವುದು ಒಂದು. ಗೀರಿಗೆ ಟೂತ್‌ಪೇಸ್ಟ್ ಉಜ್ಜುವುದು ಇನ್ನೊಂದು. ಗೀರು ಕಾಣದಂತಾಗುವುದು ಸುತ್ತಲಿನದೂ ಸವೆದು ಮಂಕಾಗುವುದರಿಂದ. ಆಯುಧಪೂಜೆಯ ದಿನ ಬಾನೆಟ್ಟಿಗೆ ಒದ್ದೆ ಅರಿಶಿನ ಕುಂಕುಮ ಮೆತ್ತಿ, ಒರೆಸಿದರೆ ಅಪಚಾರವೆಂದು ದೀಪಾವಳಿವರೆಗೆ ಬಿಡುವುದು ಮತ್ತೊಂದು. ಎಲ್ಲಕ್ಕೂ ಕಿರೀಟಪ್ರಾಯವಾದದ್ದು ಕವರು. ಧೂಳು ಕೂತ ಕಾರಿಗೆ ಕವರು ಹೊದಿಸಿದರೆ, ಗಾಳಿ ಬೀಸಿದಾಗಲೆಲ್ಲ ಅದು ಎಮರಿ ಪೇಪರಿನ ಕೆಲಸ ಮಾಡುತ್ತದೆ. ಒದ್ದೆ ಕಾರಿಗೆ ಪ್ಲಾಸ್ಟಿಕ್ಕಿನದು ಹೊದಿಸಿದರೆ ತೇವ ಒಳಗೇ ಬೇಯುತ್ತದೆ.

ನೀರಿನದು ಇನ್ನೊಂದು ಸಂಕಟ. ೨೦೨೪ರ ಮಾರ್ಚಿನ ಬರದಲ್ಲಿ ಬೆಂಗಳೂರು ಜಲಮಂಡಳಿ, ಕುಡಿಯುವ ನೀರಿನಲ್ಲಿ ವಾಹನ ತೊಳೆದವರಿಗೆ ೫,೦೦೦ ರೂಪಾಯಿ ದಂಡವೆಂದು ಸಾರಿತು. ಕಾವೇರಿ ಬಿಟ್ಟವನಿಗೆ ಬೋರ್‌ವೆಲ್ಲೇ ಗತಿ. ಆ ಗಡಸು ನೀರು ಬಿಸಿಲಲ್ಲಿ ಒಣಗಿದರೆ ಸುಣ್ಣದ ಬಿಳಿ ಉಂಗುರಗಳು ಬಣ್ಣದ ಮೇಲೆ ಕೂರುತ್ತವೆ.

ಬೇಸ್‌ಮೆಂಟಿನವರ ಗತಿಯೂ ಇದೇ. ಕಾಂಕ್ರೀಟಿನ ಬಿರುಕಿನಲ್ಲಿ ಇಳಿಯುವ ನೀರು ಸುಣ್ಣ ಹೊತ್ತು ತರುತ್ತದೆ. ಒಂದೇ ಜಾಗದಲ್ಲಿ ನಿಂತ ಕಾರಿಗೆ ಚಾವಣಿಯ ಮೇಲೆ ದಿನವೂ ಅಭಿಷೇಕ.

ಪರಿಹಾರ ಪ್ರಕರಣ

ಪರಿಹಾರ ಮೂರು ಬಗೆ: ಪಥ್ಯ, ಶೌಚ, ಕವಚ.

ಪಥ್ಯವೆಂದರೆ ಕೈ ಕಟ್ಟಿಕೊಂಡಿರುವುದು. ಕೂತ ಧೂಳು ತಾನಾಗಿ ಬಣ್ಣವನ್ನು ಕೆಡಿಸದು. ಎಳೆದಾಡಿದ ಧೂಳು ಕೆಡಿಸುತ್ತದೆ. ಈ ಶಾಸ್ತ್ರದ ಮಹಾವಾಕ್ಯ ಇದೊಂದೇ.

ಶೌಚದಲ್ಲಿ ನೀರು ಮೊದಲು, ಸ್ಪರ್ಶ ಆಮೇಲೆ. ವಾರಕ್ಕೊಮ್ಮೆ, ನೆರಳಲ್ಲಿ, ಬಾನೆಟ್ ತಣ್ಣಗಿರುವಾಗ. ಶಾಂಪೂವಿಗೆ ಒಂದು ಬಕೆಟ್, ಬಟ್ಟೆ ಜಾಲಿಸಲು ಇನ್ನೊಂದು. ಮೇಲಿನಿಂದ ಕೆಳಕ್ಕೆ, ಚಕ್ರಗಳು ಕಟ್ಟಕಡೆಗೆ. ಒಣ ಮೈಕ್ರೋಫೈಬರಿನಲ್ಲಿ ಒತ್ತಿ ನೀರು ಹೀರಿಸಬೇಕು, ಉಜ್ಜಬಾರದು. ಹಿಕ್ಕೆಗೆ ಒದ್ದೆ ಬಟ್ಟೆ ಹೊದಿಸಿ ಐದು ನಿಮಿಷ ಬಿಟ್ಟರೆ ಅದೇ ಸಡಿಲವಾಗುತ್ತದೆ. ಆಮೇಲೆ ಎತ್ತಬೇಕು, ತಿಕ್ಕಬಾರದು.

ಕವಚಗಳಲ್ಲಿ ತಾರತಮ್ಯವಿದೆ. ಬ್ರೆಜಿಲಿನ ತಾಳೆಯೆಲೆಯಿಂದ ಬರುವ ಕಾರ್ನೌಬಾ ಮೇಣದ ಆಯುಸ್ಸು ನಮ್ಮ ಬಿಸಿಲಿಗೆ ಕೆಲವು ವಾರ. ಸಿಲಿಕಾ ಆಧಾರದ ಸೆರಾಮಿಕ್ ಕೋಟಿಂಗ್ ಒಂದೆರಡು ವರ್ಷ ಬಾಳುತ್ತದೆ, ನೀರು ಕೂರಗೊಡದು. ಅದರ ಡಬ್ಬಿಯ ಮೇಲಿನ ‘೯ಎಚ್’ ಎಂಬುದು ಪೆನ್ಸಿಲ್ಲಿನ ಗಡಸುತನದ ಅಳತೆ. ವಜ್ರದ್ದೆಂದು ತಿಳಿದು ಕೀಲಿಕೈಯಿಂದ ಪರೀಕ್ಷಿಸಹೋಗಬಾರದು. ಪಾರದರ್ಶಕ ಪಾಲಿಯುರೆಥೇನ್ ಫಿಲ್ಮ್ ಕವಚಗಳ ಚಕ್ರವರ್ತಿ. ದಪ್ಪ ೧೫೦ರಿಂದ ೨೦೦ ಮೈಕ್ರಾನ್, ಅಂದರೆ ಐದು ಕೋಶಗಳಿಗಿಂತ ಆರನೆಯದೇ ದಪ್ಪ. ಇದರ ಮೇಲಿನ ಸಣ್ಣ ಗೀರು ಬಿಸಿಲಿಗೆ ತಾನೇ ಮಾಯುತ್ತದೆ. ಬಿಲ್ಲು ನೋಡಿದವನ ಎದೆಯ ಗೀರು ಮಾಯುವುದಿಲ್ಲ. ಕವರೇ ಬೇಕೆನ್ನುವವರು ಗಾಳಿಯಾಡುವ ಬಟ್ಟೆಯದನ್ನು, ತೊಳೆದು ಒಣಗಿದ ಕಾರಿಗೆ ಮಾತ್ರ, ಹೊಟ್ಟೆಯಡಿ ಪಟ್ಟಿ ಬಿಗಿದು ಹೊದಿಸಲಿ.

ಫಲಶ್ರುತಿ

ಈ ಮೀಮಾಂಸೆಯನ್ನು ಓದಿ ಆಚರಿಸಿದವನ ಕಾರು ಎಂಟು ವರ್ಷ ಬೀದಿಯಲ್ಲಿ ನಿಂತೂ ಮಾಸದು. ಮಾರಲು ನಿಂತಾಗ ಏಜೆಂಟು ಲೇಪದ ದಪ್ಪ ಅಳೆಯುವ ಮೀಟರನ್ನು ಬಾಗಿಲಿಂದ ಬಾಗಿಲಿಗೆ ಒತ್ತಿ ನೋಡಿ, ಎಲ್ಲೂ ಮರುಬಣ್ಣ ಬಿದ್ದಿಲ್ಲವೆಂದು ಒಪ್ಪಿ, ಹೇಳಿದ ರೇಟಿಗೆ ಬರುತ್ತಾನೆ. ಕೊಂಡವನು ಕೀಲಿಕೈ ಕಣ್ಣಿಗೊತ್ತಿಕೊಂಡು, ಬಾನೆಟ್ಟಿಗೊಂದು ನಮಸ್ಕಾರ ಹಾಕಿ, ಜೇಬಿನಿಂದ ಕರವಸ್ತ್ರ ತೆಗೆದು ಗುಂಡಗೆ ಒರೆಸತೊಡಗುತ್ತಾನೆ.