ತಲೆಮರೆಸಿಕೊಂಡಿರುವ ನಾಲ್ಕಂಕಿಯವರಿಗೊಂದು ಬಹಿರಂಗ ಪತ್ರ

ಇವರಿಗೆ,
ಶ್ರೀಯುತ ನಾಲ್ಕಂಕಿಯವರು,
ಭದ್ರತಾ ಸಂಕೇತ ಸಂಖ್ಯೆ, ಹಳೆಯ ಬೆಂಜ್ ಕಾರಿನ ರೇಡಿಯೋ.
ಸದ್ಯದ ವಿಳಾಸ: ತಿಳಿದುಬಂದಿಲ್ಲ.

ವಿಷಯ: ಕಾರಿನ ಮಾಲೀಕರ ಹೆಸರನ್ನು ಕಳ್ಳರ ಪಟ್ಟಿಯಿಂದ ಕೈಬಿಡುವ ಕುರಿತು.
ಉಲ್ಲೇಖ: ಬ್ಯಾಟರಿ ಬದಲಾಯಿಸಿದ ದಿನ ರೇಡಿಯೋದ ಪರದೆಯ ಮೇಲೆ ಮೂಡಿದ ‘ಕೋಡ್’ ಎಂಬ ಏಕಪದ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಭದ್ರತಾ ಸಂಕೇತವೆಂಬುದು, ಕಾರಿನ ಬ್ಯಾಟರಿಯಿಂದ ರೇಡಿಯೋಗೆ ಸದಾ ಹರಿಯುತ್ತಿರಬೇಕಾದ 12 ವೋಲ್ಟಿನ ವಿದ್ಯುತ್ತು ಒಮ್ಮೆ ತಪ್ಪಿ ಮತ್ತೆ ಬಂದಾಗ, ಆ ಯಂತ್ರವು ತನ್ನನ್ನು ಯಾರೋ ಕಿತ್ತೊಯ್ದಿದ್ದಾರೆಂದು ತಾನಾಗಿಯೇ ತೀರ್ಮಾನಿಸಿ, ಮಾಲೀಕರಿಗೆ ಮಾತ್ರ ಗೊತ್ತಿರಬೇಕಾದ ಸಂಖ್ಯೆಯನ್ನು ಒತ್ತುವ ತನಕ ಬಾಯಿ ಬಿಡದಿರುವ ಏರ್ಪಾಡು. ಹಗಲು ಹೊತ್ತಿನಲ್ಲಿ ಬ್ಯಾಟರಿ ಬದಲಾಯಿಸಿದ ಮೆಕ್ಯಾನಿಕ್ಕಿಗೂ ನಡುರಾತ್ರಿ ಗಾಜು ಒಡೆದು ಒಳನುಗ್ಗಿದವನಿಗೂ ಇರುವ ವ್ಯತ್ಯಾಸ ಅದಕ್ಕೆ ತಿಳಿಯದು. ಅದರ ನ್ಯಾಯಶಾಸ್ತ್ರದಲ್ಲಿ ವೈರು ಬಿಚ್ಚಿದವರೆಲ್ಲರೂ ಕಳ್ಳರೇ. 2020ರ ಲಾಕ್‌ಡೌನಿನಲ್ಲಿ ಜಯನಗರ, ಬನಶಂಕರಿಗಳ ಮರದ ನೆರಳಿನಲ್ಲಿ ಕವರು ಹೊದ್ದು ತಿಂಗಳುಗಟ್ಟಲೆ ನಿಂತು ಬ್ಯಾಟರಿ ಡೌನ್ ಮಾಡಿಕೊಂಡ ಹಳೆಯ ಕಾರುಗಳಲ್ಲಿ, ಸರ್ಕಾರದ ಅಪ್ಪಣೆಯಂತೆ ಮನೆಯೊಳಗೆ ಕುಳಿತಿದ್ದ ಮಾಲೀಕರಿಗೂ ಇದೇ ಪಟ್ಟ ದೊರೆಯಿತು.

ತಾವು ಹುಟ್ಟಿದ ಕಾಲದಲ್ಲಿ ಈ ಅನುಮಾನಕ್ಕೆ ಆಧಾರವಿತ್ತೆಂಬುದನ್ನು ಅಲ್ಲಗಳೆಯಲಾಗದು. ಕಾರ್ ರೇಡಿಯೋ ತಮಗಿಂತ ಮೊದಲಿನಿಂದಲೂ ಬೆಲೆಬಾಳುವ ವಸ್ತು: 1932ರಲ್ಲಿ ಬರ್ಲಿನ್ನಿನ ಐಡಿಯಲ್ ಎಂಬ ಕಂಪನಿ ಯುರೋಪಿನ ಮೊದಲ ಕಾರ್ ರೇಡಿಯೋವನ್ನು ಹೊರತಂದಾಗ ಅದರ ಬೆಲೆ ಒಂದು ಸಾಮಾನ್ಯ ಕಾರಿನ ಬೆಲೆಯ ಮೂರರಲ್ಲೊಂದು ಪಾಲಿನಷ್ಟಿತ್ತು. ತಪಾಸಣೆಯಾದ ಹೆಡ್‌ಫೋನಿಗೆ ನೀಲಿ ಚುಕ್ಕೆ ಅಂಟಿಸುತ್ತಿದ್ದ ಅದೇ ಕಂಪನಿ ಮುಂದೆ ಆ ಚುಕ್ಕೆಯ ಜರ್ಮನ್ ಹೆಸರಿನಿಂದಲೇ ಬ್ಲೌಪುಂಕ್ಟ್ ಎನಿಸಿಕೊಂಡಿತು. ಅದನ್ನು 1933ರಲ್ಲಿ ಕೊಂಡುಕೊಂಡ ಬಾಷ್ ಸಂಸ್ಥೆಯ ಭಾರತದ ಕವಲೇ ಆಡುಗೋಡಿಯ ಮೈಕೋ ಕಾರ್ಖಾನೆ. ಕಾರ್ಖಾನೆಯ ಹೆಸರು 2008ರಲ್ಲಿ ಬಾಷ್ ಎಂದು ಬದಲಾದರೂ ಬಿಟಿಎಂ ಬಡಾವಣೆಯ ಮಗ್ಗುಲಿನ ಮೈಕೋ ಲೇಔಟ್ ಹೆಸರು ಬದಲಾಯಿಸಿಕೊಳ್ಳಲಿಲ್ಲ. ಆದುದರಿಂದ ದಕ್ಷಿಣ ಬೆಂಗಳೂರಿಗೂ ತಮಗೂ ದೂರದ ನೆಂಟಸ್ತನವಾದರೂ ಇದೆಯೆಂದು, ಹೊರಗಿನವರೊಡನೆ ವರ್ತಿಸಿದಂತೆ ಇಲ್ಲಿ ವರ್ತಿಸಬಾರದೆಂದು ಈ ಪತ್ರ ಮೊದಲಿಗೆ ನಿವೇದಿಸಿಕೊಳ್ಳುತ್ತದೆ.

1980ರ ದಶಕದಲ್ಲಿ ಯುರೋಪಿನ ನಗರಗಳಲ್ಲಿ ಕಾರ್ ರೇಡಿಯೋಗಳ ಕಳವು ವಿಪರೀತವಾಗಿ, ಕಾರು ನಿಲ್ಲಿಸಿದವರು ರೇಡಿಯೋವನ್ನೇ ಹಿಡಿಕೆ ಹಿಡಿದು ಈಚೆಗೆಳೆದು ಟಿಫಿನ್ ಕ್ಯಾರಿಯರಿನಂತೆ ಕೈಯಲ್ಲಿ ತೂಗಾಡಿಸಿಕೊಂಡು ಅಂಗಡಿಗೆ ಹೋಗಬೇಕಾಗಿದ್ದ ಪರಿಸ್ಥಿತಿಯಲ್ಲಿ, ತಮ್ಮ ಅವತಾರವಾಯಿತು. ಬೆಂಜ್ ಕಾರುಗಳಿಗೆ ರೇಡಿಯೋ ಒದಗಿಸುತ್ತಿದ್ದ ಬೆಕರ್ ಮೊದಲಾದ ಕಂಪನಿಗಳು ತಮ್ಮನ್ನು ನಂಬಿದವು, ಕಳ್ಳರು ಹೆದರಿದರು. ಆದರೆ ಆ ಕಳ್ಳರಿಗೆ ಈಗ ವಯಸ್ಸಾಗಿದೆ. 1995ರಲ್ಲಿ ಪುಣೆಯಲ್ಲಿ ಬೆಂಜ್ ಕಾರುಗಳ ಜೋಡಣೆ ಆರಂಭವಾದ ಕಾಲದ ಕ್ಯಾಸೆಟ್ ರೇಡಿಯೋವನ್ನು ಇಂದು ಜೆಪಿ ನಗರದ ಯಾವುದೇ ಕ್ರಾಸಿನಲ್ಲಿ ಬಾಗಿಲು ತೆರೆದಿಟ್ಟ ಕಾರಿನಲ್ಲಿ ಬಿಟ್ಟು ಬಂದರೂ, ಕೈಹಾಕುವವನು ಅದರ ಪಕ್ಕದ ಮೊಬೈಲ್ ಚಾರ್ಜರನ್ನು ಒಯ್ದಾನೇ ಹೊರತು ಅದನ್ನಲ್ಲ. ಕದಿಯುವವರೇ ಇಲ್ಲದ ವಸ್ತುವನ್ನು ಅದನ್ನು ಬಳಸುವ ಏಕೈಕ ವ್ಯಕ್ತಿಯಿಂದ ಕಾಪಾಡುತ್ತಿರುವ ತಮ್ಮ ಕರ್ತವ್ಯನಿಷ್ಠೆಗೆ ಸರ್ಕಾರಿ ಕಚೇರಿಗಳಲ್ಲಿಯೂ ಸಾಟಿ ಸಿಗುವುದು ಕಷ್ಟ.

ತಾವು ಕಾಣೆಯಾದ ಬಗೆಯನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ದಾಖಲಿಸಬೇಕಾಗಿದೆ. ಹೊಸ ಕಾರಿನೊಡನೆ ತಮ್ಮನ್ನು ಕ್ರೆಡಿಟ್ ಕಾರ್ಡಿನಷ್ಟೇ ಗಾತ್ರದ ಒಂದು ಕೋಡ್ ಕಾರ್ಡಿನ ಮೇಲೆ ಬರೆದುಕೊಡಲಾಗುತ್ತಿತ್ತು ಮತ್ತು ಅದನ್ನು ಯಾವ ಕಾರಣಕ್ಕೂ ಕಾರಿನಲ್ಲಿ ಇಡಬಾರದೆಂದು ಕೈಪಿಡಿ ಎಚ್ಚರಿಸುತ್ತಿತ್ತು. ಕೈಪಿಡಿಯ ಮಾತು ಮೀರಿ ಕಾರ್ಡನ್ನು ಡ್ಯಾಶ್‌ಬೋರ್ಡಿನ ಡ್ರಾಯರಿಗೆ ತುರುಕಿದ ಸೋಮಾರಿಗಳ ಕಾರಿನಲ್ಲಿ ಇಂದಿಗೂ ಹಾಡು ಕೇಳಿಬರುತ್ತಿದೆ. ಅಕ್ಷರಶಃ ಪಾಲಿಸಿದ ಶಿಸ್ತಿನ ಮನುಷ್ಯರು ಅದನ್ನು ಮನೆಗೆ ಕೊಂಡೊಯ್ದು, ಒಂಟಿಕೊಪ್ಪಲ್ ಪಂಚಾಂಗದ ನಡುವೆಯೋ, ಗೋದ್ರೇಜ್ ಬೀರುವಿನ ಲಾಕರಿನಲ್ಲಿ ಎಲ್‌ಐಸಿ ಬಾಂಡುಗಳ ಕೆಳಗೋ ಭದ್ರಪಡಿಸಿದರು. ಪಂಚಾಂಗ ಯುಗಾದಿಗೆ ಬದಲಾಯಿತು, ಬಾಂಡು ಮೆಚ್ಯೂರ್ ಆಯಿತು, ಮನೆ ಅಪಾರ್ಟ್‌ಮೆಂಟಾಯಿತು, ಮಾಲೀಕರು ಅಮೆರಿಕದ ಮಗನ ಮನೆ ಸೇರಿದರು. ಕಾರು ಮಾತ್ರ ಇಬ್ಬರು ಮೂವರ ಕೈ ದಾಟಿ, ಎರಡು ಕೀಲಿ, ಒಂದು ಜಾಕು ಮತ್ತು ಒಂದು ಮೌನವ್ರತಿ ರೇಡಿಯೋದೊಡನೆ ಈಗಿನ ಮಾಲೀಕರ ಮನೆಯ ಮುಂದೆ ನಿಂತಿದೆ.

ತಮ್ಮನ್ನು ಊಹಿಸಿ ಹಿಡಿಯಬಹುದೆಂಬ ವಾದವನ್ನೂ ಪರಿಶೀಲಿಸಲಾಗಿದೆ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು ನಾಲ್ಕು ಸ್ಥಾನಗಳಲ್ಲಿ ಜೋಡಿಸುವ ಕ್ರಮಗಳು 10,000. ಕೆಲವು ರೇಡಿಯೋಗಳು ಎರಡು ತಪ್ಪು ಪ್ರಯತ್ನಗಳಾದ ಕೂಡಲೇ ‘ಸೇಫ್’ ಎಂದು ತೋರಿಸಿ ಒಂದು ಗಂಟೆ ಮುನಿಸಿಕೊಳ್ಳುತ್ತವೆಯಾದ್ದರಿಂದ, ಅದೃಷ್ಟ ಪೂರಾ ಕೈಕೊಟ್ಟವರಿಗೆ ಸುಮಾರು 5,000 ಗಂಟೆ, ಅಂದರೆ ಸ್ನಾನ, ಊಟ, ನಿದ್ರೆಗಳನ್ನು ಬಿಟ್ಟು ಕೂತರೆ 208 ದಿನ ಹಿಡಿಯುತ್ತದೆ. ಆ ಒಂದೊಂದು ಗಂಟೆಯೂ ರೇಡಿಯೋವನ್ನು ಆನ್ ಮಾಡಿಯೇ ಇರಿಸಬೇಕೆಂಬುದು ನಿಯಮ. ಹಾಗೆ ಇರಿಸಿದರೆ ಬ್ಯಾಟರಿ ಮತ್ತೆ ಡೌನ್ ಆಗುತ್ತದೆ, ಡೌನ್ ಆದರೆ ರೇಡಿಯೋ ಮತ್ತೆ ಕೋಡ್ ಕೇಳುತ್ತದೆ. ಭಸ್ಮಾಸುರನಿಗೆ ವರ ಕೊಟ್ಟವರೂ ಇಷ್ಟು ಯೋಚಿಸಿರಲಿಲ್ಲ.

ಉಳಿದಿರುವುದು ವಿಧ್ಯುಕ್ತ ಮಾರ್ಗ. ಕಾರಿನ ಆರ್‌ಸಿ, ಮಾಲೀಕರ ಗುರುತಿನ ಚೀಟಿ, 17 ಅಕ್ಷರ ಮತ್ತು ಅಂಕಿಗಳ ಚಾಸಿಸ್ ಸಂಖ್ಯೆ, ರೇಡಿಯೋದ ಸೀರಿಯಲ್ ನಂಬರು ಇವಿಷ್ಟನ್ನು ಅಧಿಕೃತ ಡೀಲರರ ಮುಂದಿಟ್ಟರೆ, ತಯಾರಕರ ದಾಖಲೆ ಇನ್ನೂ ಉಳಿದಿರುವ ಪಕ್ಷದಲ್ಲಿ, ತಮ್ಮ ಪತ್ತೆಯಾಗುವುದುಂಟು. ಇಲ್ಲೊಂದು ಸೂಕ್ಷ್ಮವಿದೆ: ಸೀರಿಯಲ್ ನಂಬರಿನ ಸ್ಟಿಕರು ಇರುವುದು ರೇಡಿಯೋದ ಪಕ್ಕದ ಅಥವಾ ಮೇಲಿನ ತಗಡಿನ ಮೇಲೆ, ಅಂದರೆ ಅದನ್ನು ಓದಲು ರೇಡಿಯೋವನ್ನು ಹೊರಗೆಳೆಯಬೇಕು, ಹೊರಗೆಳೆಯಲು ಕಂಪನಿಯ ವಿಶೇಷ ಕೀಲಿಗಳು ಬೇಕು. ಅವು ಸಿಗದ ಕಡೆ ಮೆಕ್ಯಾನಿಕ್ಕುಗಳು ಸೈಕಲ್ ಕಡ್ಡಿಯನ್ನು ಬಗ್ಗಿಸಿ ಮುಂಭಾಗದ ತೂತುಗಳಿಗೆ ತೂರಿಸುತ್ತಾರೆ; ಒಳಗೆ ಕ್ಲಿಪ್ಪು ಟಕ್ಕೆನ್ನುತ್ತದೆ, ಇಪ್ಪತ್ತೈದು ವರ್ಷಗಳ ಧೂಳಿನೊಡನೆ ರೇಡಿಯೋ ಕಿರುಗುಟ್ಟುತ್ತ ಈಚೆ ಬರುತ್ತದೆ, ಬೆಕರ್ ಆಗಿದ್ದರೆ ‘ಬಿಇ’ ಎಂದು ಆರಂಭವಾಗುವ ಮಾದರಿ ಸಂಖ್ಯೆಯೂ ಅದರ ಜೊತೆಯ ಸೀರಿಯಲ್ ನಂಬರೂ ಟಾರ್ಚಿನ ಬೆಳಕಿನಲ್ಲಿ ಕಣ್ಣಿಗೆ ಬೀಳುತ್ತವೆ. ತಾನು ಕಳ್ಳನಲ್ಲವೆಂದು ರುಜುವಾತುಪಡಿಸಲು ಮಾಲೀಕರು ಕಳ್ಳ ಮಾಡುವ ಕೆಲಸವನ್ನೇ ಯಥಾವತ್ತಾಗಿ ಮಾಡಬೇಕಾಗಿರುವುದನ್ನು ತಾವು ಗಮನಿಸಬೇಕು.

ದಾಖಲೆಯೂ ಸಿಗದಿದ್ದರೆ ಎಸ್‌ಪಿ ರೋಡಿನಂಥ ಎಲೆಕ್ಟ್ರಾನಿಕ್ಸ್ ಪೇಟೆಗಳ ಕೈಚಳಕವೇ ಗತಿ. ವಿದ್ಯುತ್ತು ನಿಂತರೂ ನೆನಪು ಕಳೆದುಕೊಳ್ಳದ, ತೊಗರಿಬೇಳೆಯಷ್ಟು ಚಿಕ್ಕದಾದ ಎಂಟು ಕಾಲಿನ ಐಸಿಯೊಂದು ರೇಡಿಯೋದ ಬೋರ್ಡಿನ ಮೇಲಿದ್ದು, ಅನೇಕ ಮಾದರಿಗಳಲ್ಲಿ ತಾವು ವಾಸವಾಗಿರುವುದು ಅದರಲ್ಲಿಯೇ. ಅದನ್ನು ರೀಡರಿಗೆ ಹಚ್ಚಿ ಒಳಗಿನದನ್ನು ಓದಬಲ್ಲವರಿಗೆ ತಾವು ಕೆಲವೇ ನಿಮಿಷಗಳಲ್ಲಿ ಶರಣಾಗುತ್ತೀರಿ. ಅಂದರೆ ಇಷ್ಟು ಕಾಲವೂ ಸಂಖ್ಯೆಯನ್ನು ಕೇಳುತ್ತಿದ್ದ ಯಂತ್ರದ ಹೊಟ್ಟೆಯಲ್ಲಿಯೇ ಉತ್ತರವೂ ಇತ್ತು.

ಕೆಎ-05 ಎಂಬ ಫಲಕ ಹೊತ್ತ ಕಾರಿಗೆ ಸಾರಿಗೆ ಇಲಾಖೆ ಮೊದಲು 15 ವರ್ಷ, ಆಮೇಲೆ ಪರೀಕ್ಷಿಸಿ ಐದೈದು ವರ್ಷ ನೋಂದಣಿ ಕೊಡುತ್ತದೆ. ಸರ್ಕಾರವೇ ಐದು ವರ್ಷ ನಂಬುವ ಮಾಲೀಕರನ್ನು ಬ್ಯಾಟರಿಯ ಒಂದು ತಂತಿ ಬಿಚ್ಚಿದ ಮಾತ್ರಕ್ಕೆ ಶಂಕಿಸುವುದು ತಮ್ಮ ಘನತೆಗೆ ತಕ್ಕುದಲ್ಲ. 1935ರಲ್ಲಿ ಮೈಸೂರಿನ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದಾಗ, ಆಕಾಶವಾಣಿ ಎನಿಸಿಕೊಂಡ ಆ ಕೇಂದ್ರ ಕೇಳುಗರಿಂದ ಯಾವ ಗುಪ್ತಸಂಖ್ಯೆಯನ್ನೂ ಕೇಳಿರಲಿಲ್ಲ. ಆದ್ದರಿಂದ ತಾವು ಯಾವ ಟ್ರಂಕಿನಲ್ಲಿದ್ದರೂ, ಯಾವ ಡೈರಿಯ ಕೊನೆಯ ಪುಟದಲ್ಲಿದ್ದರೂ, ಮುಂದಿನ ಆಯುಧಪೂಜೆಗೆ ಮೊದಲು ದಯಮಾಡಿಸಬೇಕೆಂದು ಕೋರಲಾಗಿದೆ. ಬಂದ ತಕ್ಷಣ ತಮ್ಮನ್ನು ಮೂರು ಕಡೆ ಬರೆದಿಡಲಾಗುವುದು. ಅವುಗಳಲ್ಲೊಂದು, ಕೈಪಿಡಿಯ ಕ್ಷಮೆ ಕೋರಿ, ಕಾರಿನ ಒಳಗೇ ಇರುತ್ತದೆ.

ಇಂತಿ ತಮ್ಮ ವಿಶ್ವಾಸಿಗಳು,
ದಕ್ಷಿಣ ಬೆಂಗಳೂರಿನ ಹಳೆಯ ಕಾರುಗಳ ಮಾಲೀಕರ ಪರವಾಗಿ

ಪ್ರತಿ: ಕಾರು ಮಾರಿದ ಹಿಂದಿನ ಮಾಲೀಕರಿಗೆ, ಅಟ್ಟದ ಮೇಲಿನ ಟ್ರಂಕನ್ನು ಇನ್ನೊಮ್ಮೆ ಇಳಿಸಿ ನೋಡಬೇಕೆಂಬ ಕೋರಿಕೆಯೊಂದಿಗೆ.