ಲೇತಪ್ಪನವರ ನೇರ ಮಾತು

ಹಾಸನ ಜಿಲ್ಲೆಯ ಒಂದು ಐಟಿಐ ವರ್ಕ್‌ಶಾಪಿನ ಮೂಲೆಯಲ್ಲಿ ನಿಂತಿರುವ ಹಳೇ ಎಚ್‌ಎಂಟಿ ಲೇತ್ ಯಂತ್ರದೊಂದಿಗೆ ನಡೆಸಿದ ಕಾಲ್ಪನಿಕ ಸಂದರ್ಶನ. ಮೈಗೆ ಗ್ರೀಸು ಇದೆ, ಮಾತಿಗಿಲ್ಲ.

ಕಾರ್ಖಾನೆಗಳಿಗೆ ಕುಶಲ ಕಾರ್ಮಿಕರೇ ಸಿಗುತ್ತಿಲ್ಲವಂತೆ?

ಹೌದಂತೆ. ಹಾಸನದ ಗ್ರೋತ್ ಸೆಂಟರ್ ಕಡೆಯಿಂದ ಬರುವವರೆಲ್ಲ ನನ್ನ ಮೈ ಸವರಿ ಅದನ್ನೇ ಹೇಳ್ತಾರೆ. ಚನ್ನರಾಯಪಟ್ಟಣದ ಹುಡುಗ ಎಲ್ಲಿ ಅಂದ್ರೆ ಪೀಣ್ಯದಲ್ಲಿ. 2017ರಲ್ಲಿ ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ನೇರ ರೈಲು ಬಿಟ್ಟರಲ್ಲ, ಕುಶಲತೆ ಮೊದಲ ಬೋಗಿಗೇ ಹತ್ತಿತು. ಅರಕಲಗೂಡಿಗೆ ರೈಲಿಲ್ಲ, ಅಲ್ಲಿಯವರು ಬಸ್ಸು ಹಿಡಿದರು.

ಊರಲ್ಲಿ ಉಳಿದವರು?

ಹೊಳೆನರಸೀಪುರದ ಒಬ್ಬ ಇದ್ದ. ಟೂಲ್ ಲೋಹಕ್ಕೆ ತಾಗಿದ ಸದ್ದು ಕೇಳಿಯೇ ‘ಸೆಂಟರ್ ತಪ್ಪಿದೆ’ ಅಂತ ನನ್ನ ನಿಲ್ಲಿಸೋನು. ಎರಡು ವರ್ಷ ಟರ್ನರ್ ಓದಿ ಅಪ್ರೆಂಟಿಸ್ ಹೋದ. 2019ರ ನಿಯಮದಲ್ಲಿ ಐಟಿಐ ಪಾಸಾದ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 7,700 ರೂಪಾಯಿ ಅಂತಿತ್ತು. ಕಾರ್ಖಾನೆಯವರು ಅದನ್ನ ಗರಿಷ್ಠ ಅಂತ ಓದಿಕೊಂಡರು. ವರ್ಷ ಮುಗೀತು, ‘ಒಳ್ಳೇದಾಗ್ಲಿ ಕಣಪ್ಪಾ’ ಅಂದು ಮುಂದಿನ ಅಪ್ರೆಂಟಿಸ್‌ನ ಕರೆದರು. ಈಗ ಬೆಂಗಳೂರಲ್ಲಿ ಬೈಕ್ ಮೇಲೆ ಬಿರಿಯಾನಿ ಹಂಚ್ತಾನೆ. ಮಿಲಿಮೀಟರಿನ ನೂರನೇ ಒಂದು ಭಾಗ ಹಿಡೀತಿದ್ದ ಕೈಗೆ ಗಿರಾಕಿಗಳು ಐದು ಸ್ಟಾರ್ ಕೊಡ್ತಾರಂತೆ.

ಹುಡುಗರಿಗೇ ಐಟಿಐ ಬೇಡ, ಬಿಇ ಬೇಕು ಅಂತಾರಲ್ಲ?

ಅಪ್ಪಂದಿರಿಗೆ ಬೇಡ. ಅವರಿಗಿಂತ ಹೆಣ್ಣು ಕೊಡೋರಿಗೆ ಬೇಡ. ‘ಹುಡುಗ ಟರ್ನರ್’ ಅಂದ್ರೆ ಬ್ರೋಕರ್ ಫೋಟೊ ವಾಪಸ್ ಕೊಡ್ತಾನೆ. ನಮ್ಮ ಜಿಲ್ಲೆಗೆ ಇದು ಶೋಭೆಯಲ್ಲ. ದೇವೇಗೌಡರು ಹಾಸನದ ಎಲ್.ವಿ. ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮಾಡಿದವರು, 1996ರಲ್ಲಿ ಪ್ರಧಾನಿಯಾದರು. ನಮ್ಮ ಬೀಗರಾಗೋರು ಮಾತ್ರ ಇನ್ನೂ ಬಿಇ ಸರ್ಟಿಫಿಕೇಟು ಕೇಳ್ತಿದ್ದಾರೆ.

ಸರ್ಕಾರ ಐಟಿಐಗಳನ್ನು ಮೇಲ್ದರ್ಜೆಗೇರಿಸಿತಲ್ಲ?

ಏರಿಸಿತು. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯದ 150 ಐಟಿಐಗಳಿಗೆ 4,600 ಕೋಟಿಗೂ ಮೀರಿದ ಯೋಜನೆ. 2022ರ ಜೂನ್‌ನಲ್ಲಿ ಪ್ರಧಾನಿಯೇ ಬಂದು ಲೋಕಾರ್ಪಣೆ ಮಾಡಿದರು. ರೋಬಾಟು, ಸಿಎನ್‌ಸಿ ಎಲ್ಲ ಬಂದವು. ನನಗೇನೂ ಹೊಟ್ಟೆಕಿಚ್ಚಿಲ್ಲ. (ಸ್ವಲ್ಪ ಇದೆ.) ಆದರೆ ಚಕ್‌ಗೆ ಲೋಹ ಬಿಗಿಯೋಕೆ ಬಾರದವನಿಗೆ ಸ್ಕ್ರೀನ್ ಒತ್ತೋದು ಕಲಿಸಿದರೆ ದುಬಾರಿ ಟೂಲ್ ಮುರಿಯುತ್ತೆ, ಅಷ್ಟೇ.

ಮಾಲೀಕರಿಗೆ ಏನು ಹೇಳ್ತೀರಿ?

ಗೇಟಿಗೆ ‘ಅನುಭವಸ್ಥ ಟರ್ನರ್‌ಗಳು ಬೇಕಾಗಿದ್ದಾರೆ’ ಅಂತ ಬೋರ್ಡು ಹಾಕ್ತೀರಿ. ಪಕ್ಕದ ಕಾರ್ಖಾನೆಯವನು ಕಲಿಸಲಿ, ಆಮೇಲೆ ನಾವು ಎಳ್ಕೊಳ್ಳೋಣ ಅಂತ ಕಾಯ್ತೀರಿ. ಪಕ್ಕದವನೂ ನಿಮ್ಮ ಕಡೆ ನೋಡಿಕೊಂಡೇ ಕೂತಿದ್ದಾನೆ. ಹೋಗಲಿ, ಆ ಬೋರ್ಡಿನ ಕೆಳಗೆ ಇನ್ನೊಂದು ಸಾಲಿಗೆ ಜಾಗ ಇದೆ. ಸಂಬಳ ಎಷ್ಟು ಅಂತ ಬರೀರಿ.