ಜಾಮೀನು ಬೇಟೆ: ಹೂಡಿಕೆದಾರರ ಗಮನಕ್ಕೆ

ಡೊಂಬಿವಲಿಯಲ್ಲಿ ಹೊಸದೊಂದು ಉದ್ಯಮಕ್ಕೆ ಭರ್ಜರಿ ಅವಕಾಶ ಕಾಣುತ್ತಿದೆ. ವಡಾಪಾವ್ ಗಾಡಿ, ಟ್ಯೂಷನ್ ಕ್ಲಾಸು, ಪತಪೇಢಿ, ಪೋಳಿ-ಭಾಜಿ ಕೇಂದ್ರ ಎಲ್ಲವೂ ತುಂಬಿ ತುಳುಕುತ್ತಿರುವ ಊರು ಇದು. ಇನ್ನೂ ಯಾರೂ ಕೈಹಾಕದೆ ಉಳಿದಿರುವುದು ಒಂದೇ: ಜಾಮೀನು ಪಡೆದು, ತಾರೀಖಿಗೆ ಬಾರದೆ, ಊರು ಬಿಟ್ಟವರನ್ನು ಹಿಡಿದು ತರುವ ಕಂಪನಿ.

ಜಾಗವಂತೂ ಹೇಳಿ ಮಾಡಿಸಿದ್ದು. ಈ ಕಡೆ ಕಲ್ಯಾಣದ ಕೋರ್ಟು ಮತ್ತು ಆಧಾರವಾಡಿ ಜೈಲು. ಆ ಕಡೆ ಥಾಣೆಯ ಸೆಷನ್ಸ್ ಕೋರ್ಟು ಮತ್ತು ಹಳೇ ಕೋಟೆಯೊಳಗಿನ ಸೆಂಟ್ರಲ್ ಜೈಲು. ನವಿ ಮುಂಬಯಿಗೆ ಹೋದರೆ ಬೇಲಾಪುರದ ಕೋರ್ಟು, ತಳೋಜಾದ ಜೈಲು. ಓಡುವವರಿಗೂ ಸೌಕರ್ಯಕ್ಕೆ ಕೊರತೆಯಿಲ್ಲ. ಕಲ್ಯಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಕಲಬುರಗಿ, ಥಾಣೆಯಲ್ಲಿ ಮತ್ಸ್ಯಗಂಧಾ ಹತ್ತಿದರೆ ಉಡುಪಿ. ಓಡುವವನೂ ಕನ್ನಡಿಗ, ಅಟ್ಟಿಸಿಕೊಂಡು ಹೋಗುವವನೂ ಕನ್ನಡಿಗ ಎಂದಾದರೆ ಭಾಷೆಯ ತೊಡಕೂ ಇಲ್ಲ. ಹೊರನಾಡ ಕನ್ನಡಿಗರ ಒಗ್ಗಟ್ಟಿಗೆ ಇದಕ್ಕಿಂತ ಒಳ್ಳೆಯ ವೇದಿಕೆ ಎಲ್ಲಿ ಸಿಕ್ಕೀತು?

ಈ ವ್ಯಾಪಾರದ ಮೂಲ ಅಮೆರಿಕ. ಅಲ್ಲಿ ಜಾಮೀನು ಕೊಡಿಸುವುದೇ ಒಂದು ದಂಧೆ. ಆರೋಪಿ ಬಾಂಡಿನ ಮೊತ್ತದ ಸುಮಾರು ಶೇಕಡ 10 ಕೊಟ್ಟರೆ ಏಜೆಂಟ್ ಉಳಿದದ್ದಕ್ಕೆ ಹೊಣೆ ನಿಲ್ಲುತ್ತಾನೆ. ಆರೋಪಿ ಕೈಕೊಟ್ಟರೆ ಹಿಡಿದು ತರಲು ಆಳು ಬಿಡುತ್ತಾನೆ. ಇದಕ್ಕೆ ಶಾಸ್ತ್ರಾಧಾರ ಅಲ್ಲಿನ ಸುಪ್ರೀಂ ಕೋರ್ಟಿನ 1872ರ ಟೇಲರ್ ವಿರುದ್ಧ ಟೇಂಟರ್ ತೀರ್ಪು. ಜಾಮೀನುದಾರ ತಪ್ಪಿಸಿಕೊಂಡವನನ್ನು ಬೇರೆ ರಾಜ್ಯಕ್ಕೂ ಬೆನ್ನಟ್ಟಬಹುದು, ಭಾನುವಾರವೂ ಹಿಡಿಯಬಹುದು, ಬೇಕಾದರೆ ಬಾಗಿಲು ಮುರಿದು ಒಳನುಗ್ಗಬಹುದು ಎಂಬರ್ಥದ ಮಾತು ಅದರಲ್ಲಿದೆ. ಬೇಟೆಗಾರರು ಇಂದಿಗೂ ಅದನ್ನೇ ಮಂತ್ರದಂತೆ ಜಪಿಸುತ್ತಾರೆ. ಪ್ರಕರಣದ ಕೊನೆಯನ್ನು ಮಾತ್ರ ಯಾರೂ ಓದಿದಂತಿಲ್ಲ. ಕನೆಕ್ಟಿಕಟ್‌ನಲ್ಲಿ ಜಾಮೀನು ಪಡೆದವನು ನ್ಯೂಯಾರ್ಕಿಗೆ ಹೋದ. ಅಲ್ಲಿ ಅವನನ್ನು ಹಿಡಿದು ಇನ್ನೊಂದು ಕೇಸಿಗಾಗಿ ಮೇನ್ ರಾಜ್ಯಕ್ಕೆ ಒಪ್ಪಿಸಲಾಯಿತು. ‘ಅವನನ್ನು ಸರ್ಕಾರವೇ ಕೊಂಡೊಯ್ದಿರುವಾಗ ನಾವೆಲ್ಲಿಂದ ತರೋಣ?’ ಎಂದರು ಜಾಮೀನುದಾರರು. ‘ರಾಜ್ಯದ ಗಡಿ ದಾಟಲು ಬಿಟ್ಟದ್ದು ನಿಮ್ಮ ತಪ್ಪು, ಹಣ ಕಟ್ಟಿ’ ಎಂದಿತು ಕೋರ್ಟು. ಈ ಉದ್ಯಮದ ವೇದವಾಕ್ಯ ಹುಟ್ಟಿದ್ದೇ ಜಾಮೀನುದಾರ ಸೋತ ಮೊಕದ್ದಮೆಯಲ್ಲಿ.

ಇನ್ನು ಉದ್ಯಮದ ಮಹಾಪುರುಷ ‘ಡಾಗ್’ ಎಂದೇ ಟಿವಿಯಲ್ಲಿ ಹೆಸರಾದ ಡ್ವೇನ್ ಚಾಪ್‌ಮನ್. 2003ರ ಜೂನ್‌ನಲ್ಲಿ ಆತ ಅತ್ಯಾಚಾರದ ಅಪರಾಧಿಯೊಬ್ಬನನ್ನು ಮೆಕ್ಸಿಕೋದ ಪ್ವೆರ್ತೊ ವಯಾರ್ತಾದಲ್ಲಿ ಹಿಡಿದ. ಹಿಡಿದವನನ್ನೂ ಹಿಡಿಸಿಕೊಂಡವನನ್ನೂ ಮೆಕ್ಸಿಕೋ ಪೊಲೀಸರು ಒಟ್ಟಿಗೇ ಒಳಗೆ ಹಾಕಿದರು. ಅಲ್ಲಿ ಇಂಥ ಬೇಟೆಯೇ ಅಪರಾಧ. ಚಾಪ್‌ಮನ್ ಜಾಮೀನು ಪಡೆದ, ಅಮೆರಿಕಕ್ಕೆ ಬಂದ, ಮತ್ತೆ ಮೆಕ್ಸಿಕೋ ಕೋರ್ಟಿನ ಕಡೆ ತಲೆ ಹಾಕಲಿಲ್ಲ. ಜಾಮೀನು ಹಾರಿದವರನ್ನು ಹಿಡಿಯುವವನೇ ಜಾಮೀನು ಹಾರಿದ! 2006ರಲ್ಲಿ ಅವನನ್ನು ಹಿಡಿಯಲು ಅಮೆರಿಕದ ಮಾರ್ಷಲ್‌ಗಳೇ ಬರಬೇಕಾಯಿತು. ಮರುವರ್ಷ ಮೆಕ್ಸಿಕೋ ಕೇಸು ಬಿದ್ದುಹೋಗಿ ಬಚಾವಾದ. ಆ ಅಪರಾಧಿಯನ್ನು ಹಿಡಿದದ್ದಕ್ಕೆ, ಮುಟ್ಟುಗೋಲಾದ ಅವನ ಜಾಮೀನು ಹಣದಲ್ಲಿ ಚಾಪ್‌ಮನ್ ಪಾಲು ಕೇಳಿದಾಗ ಅಮೆರಿಕದ ನ್ಯಾಯಾಧೀಶರು ಕೊಡಲಿಲ್ಲ.

ಅಷ್ಟಾದರೂ ನಮ್ಮವರ ಉತ್ಸಾಹ ಕುಗ್ಗುವುದಿಲ್ಲ ಎಂದು ಬಲ್ಲೆ. ಆದ್ದರಿಂದ ಷೇರು ಮಾರುವ ಕಂಪನಿಗಳ ಹಾಗೆ ಅಪಾಯಗಳ ಪಟ್ಟಿಯನ್ನು ಮೊದಲೇ ಕೊಟ್ಟುಬಿಡುತ್ತೇನೆ. ದಾಖಲೆಗಳನ್ನು ಎಚ್ಚರಿಕೆಯಿಂದ ಓದಿಕೊಳ್ಳಿ.

ಅಪಾಯ ಒಂದು: ಭಾರತದಲ್ಲಿ ಈ ಕೆಲಸಕ್ಕೆ ಲೈಸೆನ್ಸೇ ಇಲ್ಲ. ಇರುವುದೆಲ್ಲ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಸೆಕ್ಷನ್. ಖಾಸಗಿ ವ್ಯಕ್ತಿ ಇನ್ನೊಬ್ಬನನ್ನು ಹಿಡಿಯಬೇಕಾದರೆ, ಜಾಮೀನಿಲ್ಲದ ಸಂಜ್ಞೇಯ ಅಪರಾಧ ತನ್ನ ಕಣ್ಣೆದುರೇ ನಡೆದಿರಬೇಕು, ಇಲ್ಲವೇ ಆತ ಕೋರ್ಟು ಘೋಷಿಸಿದ ಅಪರಾಧಿಯಾಗಿರಬೇಕು. ತಾರೀಖು ತಪ್ಪಿಸಿದ ಮಾತ್ರಕ್ಕೆ ಯಾರೂ ಘೋಷಿತ ಅಪರಾಧಿಯಾಗುವುದಿಲ್ಲ. ಅದಕ್ಕೆ ಬೇರೆಯೇ ಪ್ರಕ್ರಿಯೆಯಿದೆ. ಜಾಮೀನು ಪಡೆದು ಹಾಜರಾಗದಿರುವುದು ಅಪರಾಧವೇನೋ ಹೌದು, ಒಂದು ವರ್ಷದವರೆಗೆ ಶಿಕ್ಷೆಯೂ ಉಂಟು. ಆದರೆ ಆತನ ಗೈರುಹಾಜರಿ ನನ್ನ ಸಮ್ಮುಖದಲ್ಲಿ ನಡೆಯಿತು ಎಂದು ವಾದಿಸಬಲ್ಲ ವಕೀಲರು ಕಲ್ಯಾಣದಲ್ಲಿದ್ದರೆ ದಯವಿಟ್ಟು ತಿಳಿಸಿ. ಒಂದು ವೇಳೆ ಎಲ್ಲ ಸರಿಯಾಗಿಯೇ ಹಿಡಿದಿರಿ ಎನ್ನೋಣ. ಹೊಸ ಕಾಯ್ದೆಯ ಪ್ರಕಾರ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಕಲಬುರಗಿಯಲ್ಲಿ ಹಿಡಿದು ರೈಲು ಹತ್ತಿಸಿದರೆ ಕಲ್ಯಾಣ ಬರುವುದರೊಳಗೆ ಗಡುವು ತೀರಿರುತ್ತದೆ. ರೈಲು ಲೇಟಾಯಿತು ಎಂಬ ಸಬೂಬು ಡೊಂಬಿವಲಿಯ ಆಫೀಸುಗಳಲ್ಲಿ ನಡೆದೀತು, ಮ್ಯಾಜಿಸ್ಟ್ರೇಟರ ಮುಂದೆ ನಡೆಯದು.

ಅಪಾಯ ಎರಡು: ನೀವು ‘ಕರೆತಂದೆ’ ಎನ್ನುವುದನ್ನು ಭಾರತೀಯ ನ್ಯಾಯ ಸಂಹಿತೆ ‘ಅಪಹರಣ’ ಎನ್ನುತ್ತದೆ. ಬಲವಂತ ಮಾಡಬೇಕೆಂದೇನೂ ಇಲ್ಲ. ‘ಬನ್ನಿ ಮಾರಾಯ್ರೆ, ಊಟ ಮಾಡಿ ಬರೋಣ’ ಎಂದು ನಂಬಿಸಿ ಕಾರು ಹತ್ತಿಸಿದರೂ ಸಾಕು. ಗುಟ್ಟಾಗಿ ಅಕ್ರಮವಾಗಿ ಕೂಡಿಡುವ ಉದ್ದೇಶದ ಅಪಹರಣಕ್ಕೆ 7 ವರ್ಷದವರೆಗೆ ಸಜೆ. ಇದರ ವಿಚಾರಣೆ ಎಲ್ಲಿ? ಎತ್ತಿಕೊಂಡು ಹೋದ ಊರಲ್ಲೂ ಆಗಬಹುದು, ಸಾಗಿಸಿದ ಊರಲ್ಲೂ ಆಗಬಹುದು, ಕೂಡಿಟ್ಟ ಊರಲ್ಲೂ ಆಗಬಹುದು. ಕಲಬುರಗಿ, ಸೊಲ್ಲಾಪುರ, ಪುಣೆ, ಕಲ್ಯಾಣ: ಉದ್ಯಾನ್ ಎಕ್ಸ್‌ಪ್ರೆಸ್ಸಿನ ಟೈಂಟೇಬಲ್ಲೇ ನಿಮ್ಮ ಕೋರ್ಟುಗಳ ಪಟ್ಟಿ. ರಾಜ್ಯದ ಗಡಿ ದಾಟುವುದರಿಂದ ನಿಮ್ಮ ಅಧಿಕಾರವೇನೂ ಹೆಚ್ಚದು, ನಿಮ್ಮ ಮೇಲೆ ಅಧಿಕಾರ ಇರುವವರು ಹೆಚ್ಚುತ್ತಾರೆ.

ಅಪಾಯ ಮೂರು: ಖಾಕಿ ಪ್ಯಾಂಟು, ಕಪ್ಪು ಕನ್ನಡಕ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ‘ಪೊಲೀಸ್’ ಫಲಕ. ಟಿವಿಯಲ್ಲಿ ಚೆನ್ನ. ಸರ್ಕಾರಿ ನೌಕರನ ವೇಷ ಹಾಕಿ ಅಧಿಕಾರ ಚಲಾಯಿಸಿದರೆ ಕನಿಷ್ಠ 6 ತಿಂಗಳು, ಗರಿಷ್ಠ 3 ವರ್ಷ. ಅಸಲಿ ಪೊಲೀಸರೇ ಹೊರರಾಜ್ಯಕ್ಕೆ ಹೋದಾಗ ಸ್ಥಳೀಯ ಠಾಣೆಗೆ ತಿಳಿಸಿ, ಅಲ್ಲಿನ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ, ಟ್ರಾನ್ಸಿಟ್ ರಿಮಾಂಡ್ ಪಡೆದು ಆರೋಪಿಯನ್ನು ತರಬೇಕಾಗಿದೆ. ಅವರಿಗೇ ಇಲ್ಲದ ಸಲಿಗೆ ನಿಮಗೆಲ್ಲಿಂದ?

ಅಪಾಯ ನಾಲ್ಕು, ಇದು ಮುಖ್ಯ: ನಿಮ್ಮನ್ನು ಹಿಡಿದಾಗ ನಿಮಗೆ ಜಾಮೀನು ಕೊಡುವವರು ಯಾರು? ಮೊದಲೇ ಸುಳಿವು ಸಿಕ್ಕಿದರೆ ಒಂದು ದಾರಿಯಿದೆ. ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಎಫ್‌ಐಆರ್ ಬೇರೆ ರಾಜ್ಯದಲ್ಲಿದ್ದರೂ ತಾನಿರುವ ಕಡೆಯ ಸೆಷನ್ಸ್ ಕೋರ್ಟು ಅಥವಾ ಹೈಕೋರ್ಟಿನಿಂದ ಸೀಮಿತ ಅವಧಿಯ ನಿರೀಕ್ಷಣಾ ಜಾಮೀನು ಕೇಳಬಹುದು ಎಂದಿದೆ. ಸುಳಿವು ಸಿಗದೆ ಕಲಬುರಗಿಯಲ್ಲೇ ಸಿಕ್ಕಿಬಿದ್ದರೆ? ಅಲ್ಲಿನ ಕೋರ್ಟು ಜಾಮೀನು ಮಂಜೂರು ಮಾಡಿ, ‘ಸ್ಥಳೀಯ ಜಾಮೀನುದಾರರನ್ನು ಕರೆತನ್ನಿ, ಪಹಣಿ ತೋರಿಸಲಿ’ ಎನ್ನುತ್ತದೆ. ನಿಮ್ಮ ಬಂಧುಬಳಗವೆಲ್ಲ ಡೊಂಬಿವಲಿ ಪೂರ್ವದಲ್ಲಿ, ಒಂದು ಕೋಣೆ ಅಡುಗೆಮನೆಯ ಫ್ಲ್ಯಾಟುಗಳಲ್ಲಿ. ಅಲ್ಲಿಂದ ಇಲ್ಲಿಗೆ ಬಂದು ಸಿಕ್ಕಿಬಿದ್ದ ಕಲಬುರಗಿಯ ಹುಡುಗನಿಗೆ ಕಲ್ಯಾಣದಲ್ಲಿ ಆಗುವುದೂ ಇದೇ. ಅವನಿಗೆ ಬೇಕಾದದ್ದು ಇಲ್ಲಿನ ರೇಷನ್ ಕಾರ್ಡು, ಸಾತ್‌ಬಾರಾ ಎಂಬ ಪಹಣಿ, ತಹಶೀಲ್ದಾರರ ಸಾಲ್ವೆನ್ಸಿ ಸರ್ಟಿಫಿಕೇಟು. ಕೈಯಲ್ಲಿ ಕಾಸಿದ್ದವರು ಕೆಲವು ವಾರದ ಮಟ್ಟಿಗೆ ಕ್ಯಾಶ್ ಬೇಲ್ ಮೇಲೆ ಹೊರಬಂದು ಅಷ್ಟರಲ್ಲಿ ಜಾಮೀನುದಾರರನ್ನು ಹುಡುಕುತ್ತಾರೆ. ಕಾಸಿಲ್ಲದವನು ಆದೇಶದ ಪ್ರತಿ ಹಿಡಿದುಕೊಂಡು ಒಳಗೇ ಕೂರುತ್ತಾನೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ ಇರಬೇಕು.

ಇಷ್ಟು ಹೇಳಿದ ಮೇಲೆ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: ‘ಹಾಗಾದರೆ ಜಾಮೀನು ನಿಂತವನು ಕೈಕಟ್ಟಿ ಕೂರಬೇಕೆ?’ ಬೇಡ. ನಾಗರಿಕ ಸುರಕ್ಷಾ ಸಂಹಿತೆಯ 489ನೇ ಸೆಕ್ಷನ್ ಅಡಿಯಲ್ಲಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿ, ‘ನನ್ನನ್ನು ಈ ಹೊಣೆಯಿಂದ ಬಿಡಿಸಿ’ ಎನ್ನಬಹುದು. ಆಗ ಕೋರ್ಟೇ ವಾರಂಟ್ ಹೊರಡಿಸುತ್ತದೆ. ಆರೋಪಿ ಬಂದ ಮೇಲೆ ನಿಮ್ಮ ಬಾಂಡು ರದ್ದಾಗಿ, ಅವನು ಬೇರೆಯವರನ್ನು ಹುಡುಕಿಕೊಳ್ಳಬೇಕು. ಬೆನ್ನಟ್ಟುವುದು ಪೊಲೀಸರ ಕೆಲಸ, ಅರ್ಜಿ ಬರೆಯುವುದಷ್ಟೇ ನಿಮ್ಮದು. ಬರೆಯದೆ ಕೂತರೆ 491ನೇ ಸೆಕ್ಷನ್ ನಿಮ್ಮನ್ನೇ ಹುಡುಕಿಕೊಂಡು ಬರುತ್ತದೆ. ಬಾಂಡು ಮುಟ್ಟುಗೋಲಾಗುತ್ತದೆ, ಮೊತ್ತವನ್ನು ದಂಡದ ಹಾಗೆ ವಸೂಲು ಮಾಡುತ್ತಾರೆ, ವಸೂಲಾಗದಿದ್ದರೆ ನಿಮಗೆ 6 ತಿಂಗಳವರೆಗೆ ಸಿವಿಲ್ ಜೈಲು. ಓಡಿಹೋದವನು ಉಡುಪಿಯಲ್ಲಿ ಗೋಳಿಬಜೆ ತಿನ್ನುತ್ತಿರುವಾಗ ಸಹಿ ಹಾಕಿದವನು ಕಂಬಿ ಎಣಿಸುವ ವ್ಯವಸ್ಥೆ. ಅಮೆರಿಕದ ಜಾಮೀನುದಾರನಿಗೆ ಹೊಣೆಯೂ ಇದೆ, ಬಂದೂಕೂ ಇದೆ, ಲಾಭವೂ ಇದೆ. ನಮ್ಮವನಿಗೆ ಹೊಣೆ ಮಾತ್ರ.

ಹಾಗೆಂದು ಈ ಕ್ಷೇತ್ರದಲ್ಲಿ ನಮ್ಮ ಉದ್ಯಮಶೀಲತೆ ಸತ್ತಿದೆ ಎಂದು ಭಾವಿಸಬೇಡಿ. ಹಿಡಿಯುವ ಕಂಪನಿ ಇಲ್ಲದಿರಬಹುದು, ಬಿಡಿಸುವ ಕಂಪನಿಗಳು ಬೇಕಾದಷ್ಟಿವೆ. ಗುರುತೇ ಇಲ್ಲದ ಆರೋಪಿಗೆ ‘ಇವನು ನನ್ನ ತಮ್ಮನಿದ್ದ ಹಾಗೆ’ ಎಂದು ಪ್ರಮಾಣ ಮಾಡುವ ಬಾಡಿಗೆ ಜಾಮೀನುದಾರರು, ನಕಲಿ ಆಧಾರ್, ನಕಲಿ ರೇಷನ್ ಕಾರ್ಡು, ಸತ್ತವರ ಹೆಸರಿನ ಜಮೀನು. ಮುಂಬಯಿ ಸುತ್ತಮುತ್ತ, ಬೆಂಗಳೂರಿನಲ್ಲಿ ಪೊಲೀಸರು ಇಂಥ ತಂಡಗಳನ್ನು ಹಿಡಿಯುತ್ತಲೇ ಇದ್ದಾರೆ. ಅವರನ್ನು ಬಿಡಿಸಲು ಯಾರ ಪಹಣಿ ಬರುತ್ತದೋ ಆ ಭಗವಂತನಿಗೇ ಗೊತ್ತು.

ರಾಜ್ಯದ ಗಡಿಯೇಕೆ, ದೇಶದ ಗಡಿ ದಾಟಿದ ವಸೂಲಿಯಲ್ಲೂ ಥಾಣೆ ಜಿಲ್ಲೆಗೆ ಹೆಸರಿದೆ. 2016ರ ಅಕ್ಟೋಬರ್‌ನಲ್ಲಿ ಥಾಣೆ ಪೊಲೀಸರು ಮೀರಾ ರೋಡಿನ ಕಾಲ್ ಸೆಂಟರುಗಳ ಮೇಲೆ ದಾಳಿ ಮಾಡಿ 700ಕ್ಕೂ ಹೆಚ್ಚು ಜನರನ್ನು ವಶಕ್ಕೆ ಪಡೆದರು. ಆ ಹುಡುಗ-ಹುಡುಗಿಯರು ರಾತ್ರಿಯಿಡೀ ಅಮೆರಿಕದವರಿಗೆ ಫೋನು ಮಾಡಿ, ‘ನಾವು ತೆರಿಗೆ ಇಲಾಖೆಯವರು, ಹಣ ಕಟ್ಟದಿದ್ದರೆ ಮನೆಗೆ ಪೊಲೀಸರು ಬರುತ್ತಾರೆ’ ಎಂದು ನಡುಗಿಸುತ್ತಿದ್ದರು. ಟೇಲರ್-ಟೇಂಟರ್ ತೀರ್ಪನ್ನು ಓದದೆಯೇ ಅಮೆರಿಕಕ್ಕೆ ನಾವು ಕೊಟ್ಟ ತಿರುಗೇಟು! ಅದೇ ವಿದ್ಯೆ ಈಗ ‘ಡಿಜಿಟಲ್ ಅರೆಸ್ಟ್’ ಎಂಬ ಹೊಸ ಅವತಾರ ಎತ್ತಿ ನಮ್ಮ ಮನೆಗೇ ಬಂದಿದೆ. ವಿಡಿಯೋ ಕಾಲ್‌ನಲ್ಲಿ ನಕಲಿ ಇನ್‌ಸ್ಪೆಕ್ಟರ್ ಹಿಡಿಯುತ್ತಾನೆ, ನಕಲಿ ಜಡ್ಜ್ ಜಾಮೀನು ಕೊಡುತ್ತಾನೆ, ಅಸಲಿ ಹಣ ಹೋಗುತ್ತದೆ. ಸ್ಥಳೀಯ ಜಾಮೀನುದಾರರ ರಗಳೆಯಿಲ್ಲದೆ ತಕ್ಷಣ ಜಾಮೀನು ಸಿಗುವ ಏಕೈಕ ನ್ಯಾಯಾಲಯ ಅದೊಂದೇ ಎಂಬುದು ನಮ್ಮ ಅಸಲಿ ವ್ಯವಸ್ಥೆಯ ಮೇಲೆ ಎಂಥ ಟೀಕೆ!

ಸ್ಥಳೀಯ ಜಾಮೀನುದಾರರ ಈ ಹುಚ್ಚನ್ನು ಬಿಡಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು ಇಂದು ನಿನ್ನೆಯಲ್ಲ. 1978ರ ಮೋತಿರಾಮ್ ಪ್ರಕರಣದಲ್ಲಿ ಮಧ್ಯಪ್ರದೇಶದ ಗಾರೆ ಕೆಲಸದವನೊಬ್ಬನಿಗೆ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನು ಕೇಳಿ, ಜಾಮೀನಿಗೆ ಬಂದ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅದನ್ನೂ ತಳ್ಳಿಹಾಕಿದ್ದರು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಿಸಿದರು. ಒಬ್ಬ ಮಲಯಾಳಿಯೋ ಕನ್ನಡಿಗನೋ ದೂರದ ಬಸ್ತಾರಿನಲ್ಲೋ ಚಾಂದನಿ ಚೌಕದಲ್ಲೋ ಸಿಕ್ಕಿಬಿದ್ದರೆ ಅಲ್ಲಿ ಆಸ್ತಿಯುಳ್ಳ ಜಾಮೀನುದಾರರನ್ನು ಎಲ್ಲಿಂದ ತಂದಾನು ಎಂದು ಅವರು ಆ ತೀರ್ಪಿನಲ್ಲಿ ಕೇಳಿದ್ದರು. ಕನ್ನಡಿಗರನ್ನು ಹೆಸರಿಸಿ ಕೇಳಿದ ಆ ಪ್ರಶ್ನೆ ಕಲ್ಯಾಣದಲ್ಲೂ ಕಲಬುರಗಿಯಲ್ಲೂ ಇನ್ನೂ ಉತ್ತರವಿಲ್ಲದೆ ಬಿದ್ದಿದೆ. 2023ರ ಜನವರಿ 31ರಂದು ಅದೇ ನ್ಯಾಯಾಲಯ, ಬಿಡುಗಡೆ ತಡವಾಗಲು ಸ್ಥಳೀಯ ಜಾಮೀನಿನ ಹಟವೂ ಒಂದು ಕಾರಣ, ಕೋರ್ಟುಗಳು ಆ ಷರತ್ತು ಹಾಕದಿದ್ದರೆ ಒಳಿತು ಎಂದು ಮತ್ತೆ ಹೇಳಿತು. ಆದೇಶವಾಗಿ ತಿಂಗಳಾದರೂ ಬಾಂಡು ಕೊಡಲಾಗದವರ ಷರತ್ತನ್ನು ಆಯಾ ಕೋರ್ಟು ತಾನಾಗಿಯೇ ಪರಿಶೀಲಿಸಿ ಸಡಿಲಿಸುವ ದಾರಿಯನ್ನೂ ತೋರಿಸಿತು. 2024ರ ಆಗಸ್ಟ್‌ನಲ್ಲಿ, ಹಲವು ರಾಜ್ಯಗಳಲ್ಲಿ 13 ಕೇಸುಗಳಿದ್ದವನೊಬ್ಬ ಪ್ರತಿಯೊಂದಕ್ಕೂ ಬೇರೆ ಬೇರೆ ಜಾಮೀನುದಾರರನ್ನು ತರಲಾಗದೆ ಒದ್ದಾಡಿದಾಗ, ಒಬ್ಬರೇ ಹಲವಕ್ಕೆ ನಿಲ್ಲಲಿ ಎಂದಿತು. ಕೇಂದ್ರ ಸರ್ಕಾರವೂ ಬಡ ವಿಚಾರಣಾಧೀನ ಕೈದಿಗಳ ಜಾಮೀನಿಗೆ ನೆರವು ಕೊಡುವ ಯೋಜನೆ ತಂದಿದೆ. ಆದರೂ ದೇಶದ ಜೈಲುಗಳಲ್ಲಿರುವವರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಇನ್ನೂ ತೀರ್ಪೇ ಆಗದವರು.

ಆದ್ದರಿಂದ ಹೂಡಿಕೆದಾರರಲ್ಲಿ ಅರಿಕೆ: ನಿಮ್ಮ ಬಂಡವಾಳವನ್ನು ವಡಾಪಾವಿಗೇ ಹಾಕಿ. ಓಡಿಹೋದವರನ್ನು ಹಿಡಿಯಲು ಪೊಲೀಸರಿದ್ದಾರೆ, ವಾರಂಟಿದೆ. ಕೊರತೆಯಿರುವುದು, ಓಡಿಹೋಗಲು ಜಾಗವೂ ಕಾರಣವೂ ಇಲ್ಲದೆ, ಸಹಿ ಹಾಕುವವರಿಲ್ಲ ಎಂಬ ಒಂದೇ ತಪ್ಪಿಗೆ ಒಳಗಿರುವವರ ಕಡೆ ನೋಡುವವರದ್ದು. ಬೇರೆ ಊರಿನ ಗೆಳೆಯನಿಗೆ ಜಾಮೀನು ನಿಲ್ಲುವವರು 489ನೇ ಸೆಕ್ಷನನ್ನು ಮರೆಯದೆ ನೆನಪಿಟ್ಟುಕೊಳ್ಳಿ. ಜಾಮೀನು ಮಂಜೂರು ಮಾಡುವವರು 1978ರ ತೀರ್ಪನ್ನು ಒಮ್ಮೆಯಾದರೂ ಓದಿಕೊಳ್ಳಲಿ.